ಉಳಿತಾಯದ ಭಾವ

ನಮ್ಮ ಭಾವ ಕುಡುಕರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದಿದವರಿಗೆ ಅನುಮಾನ ಬಂದೇ ಬರುತ್ತದೆ. ಅರ್ಧ ಲೋಟ ಬಿಯರ್ ಒಳಗೆ ಹೋದರೆ ಸೋಫಾದ ಮೇಲೆ ಬಾಯಿ ತೆರೆದು ಮಲಗುವ ಜಾತಿ ಅವರದು. ಅಂಥವರು ಅಮೆರಿಕದ ಆರೆಗನ್ ರಾಜ್ಯದ ಹಿಲ್ಸ್‌ಬರೋ ಊರಿನಲ್ಲಿ, ಎರಡು ಕಾರು ನಿಲ್ಲಬೇಕಾದ ಗರಾಜಿನಿಂದ ಎರಡನ್ನೂ ಹೊರಗೆ ಮಳೆಗೆ ಅಟ್ಟಿ, ಒಳಗೆ ಕರೆಂಟಿನಲ್ಲಿ ಬಿಯರ್ ಕಾಯಿಸುವ ಕಾರ್ಖಾನೆ ಹೂಡಿಕೊಂಡು ಕೂತಿದ್ದಾರೆ. ಯಾಕೆ ಭಾವ ಅಂದರೆ ಒಂದೇ ಮಾತು: "ಅಂಗಡೀಲಿ ದುಬಾರಿ ಕಣಯ್ಯ."

ಇಂಥ ಭಾವ ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಮಿಕ್ಸಿ ರಿಪೇರಿಯವನು ಇನ್ನೂರು ರೂಪಾಯಿ ಕೇಳಿದ ಅಂತ ಸಿಟ್ಟಾಗಿ ಸಾವಿರದೈನೂರರ ಸ್ಪ್ಯಾನರ್ ಸೆಟ್ಟು ತರುವವರು. ತರಕಾರಿ ತುಟ್ಟಿ ಅಂತ ತಾರಸಿಯ ಮೇಲೆ ತೋಟ ಹಾಕಿ, ಮೊದಲ ಬದನೆಕಾಯಿಯನ್ನು ಬೆಳ್ಳಿಯಂತೆ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುವವರು. ದುಡ್ಡು ಬಿಚ್ಚುವುದೆಂದರೆ ಅವರಿಗೆ ಪ್ರಾಣಸಂಕಟ. ಉಳಿಸುವುದಕ್ಕಾದರೆ ಎಷ್ಟು ಬೇಕಾದರೂ ಖರ್ಚು ಮಾಡುತ್ತಾರೆ.

ಭಾವನ ಈ ರೋಗದ ಮೂಲ ದಾವಣಗೆರೆಯ ಹಾಸ್ಟೆಲಿನಲ್ಲಿದೆ. ಇಂಜಿನಿಯರಿಂಗ್ ಓದುವಾಗ ಅವರ ಹತ್ತಿರ ಒಂದು ವಾಟರ್ ಹೀಟರ್ ಕಾಯಿಲ್ ಇತ್ತು. ಬಕೆಟ್ಟಿಗೆ ತೂಗುಹಾಕಿದರೆ ಸ್ನಾನಕ್ಕೆ ನೀರು, ಡಬರಿಗೆ ಹಾಕಿದರೆ ಮ್ಯಾಗಿ, ವಾರ್ಡನ್ ಬಂದರೆ ದಿಂಬಿನ ಕೆಳಗೆ. ಒಂದು ಸಾರಿ ಬಿಸಿ ಆರುವ ಮುಂಚೆಯೇ ದಿಂಬಿನ ಕೆಳಗೆ ಹೋಗಿತ್ತು, ಆ ಕಥೆ ಬೇಡ. "ಒಂದೂವರೆ ಸಾವಿರ ವ್ಯಾಟ್ ಇದ್ರೆ ಸಂಸಾರ ಮಾಡಬಹುದು ಕಣಯ್ಯ" ಅನ್ನುವುದು ಅವತ್ತಿನಿಂದ ಅವರ ಸಿದ್ಧಾಂತ. ಮೂವತ್ತು ವರ್ಷವಾದ ಮೇಲೂ ಅವರು ಮಾಡಿರುವುದು ಅದನ್ನೇ, ಪಾತ್ರೆಯೊಳಗೆ ಕಾಯಿಲ್ ಇಳಿಸುವುದನ್ನೇ. ಪಾತ್ರೆ ದೊಡ್ಡದಾಗಿದೆ, ವಾರ್ಡನ್ ಜಾಗದಲ್ಲಿ ಅಕ್ಕ ಇದ್ದಾಳೆ.

ಹೋದ ವರ್ಷ ಅಮ್ಮನನ್ನು ಕರೆದುಕೊಂಡು ಮೂರು ತಿಂಗಳಿಗೆ ಅಂತ ಅಲ್ಲಿಗೆ ಹೋಗಿದ್ದೆ. ಬಾಗಿಲು ತೆಗೆದ ಭಾವ "ಬನ್ನಿ ಅತ್ತೆ, ಪ್ರಯಾಣ ಸುಖವಾಯ್ತಾ" ಅಂದವರೇ ಸೂಟ್‌ಕೇಸನ್ನು ಅಲ್ಲೇ ಬಿಟ್ಟು ನನ್ನನ್ನು ಗರಾಜಿಗೆ ಎಳೆದುಕೊಂಡು ಹೋದರು. ಅಲ್ಲಿ ಐವತ್ತೈದು ಲೀಟರಿನ ಸ್ಟೀಲ್ ಪಾತ್ರೆ, ಅದರ ಹೊಟ್ಟೆಗೆ ಚುಚ್ಚಿದ ಹೀಟರ್ ಎಲಿಮೆಂಟು, ಗೋಡೆಯ ಮೇಲೆ ಕೆಂಪು ಹಸಿರು ದೀಪಗಳ ಒಂದು ಪೆಟ್ಟಿಗೆ. ದೂರದಿಂದ ನೋಡಿದರೆ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು.

"ಗ್ಯಾಸಿನ ಒಲೆ ಇಟ್ಟಿದ್ರೆ ಆಗ್ತಿರಲಿಲ್ವಾ ಭಾವ?"

ಕೇಳಬಾರದಿತ್ತು. ಮುಕ್ಕಾಲು ಗಂಟೆ ಪಾಠವಾಯಿತು. ಆರೆಗನ್‌ನಲ್ಲಿ ಚಳಿಗಾಲ ಪೂರ್ತಿ ಮಳೆ. ಗ್ಯಾಸಾದರೆ ಹೊರಗೆ ನಿಂತು ನೆನೆಯಬೇಕು; ಮುಚ್ಚಿದ ಗರಾಜಿನೊಳಗೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡಿಗೆ ಪ್ರಾಣ ಬಿಡಬೇಕು. ಕರೆಂಟೇ ಸರಿ. ಆದರೆ ಆ ದೇಶದ ಗೋಡೆಯ ಪ್ಲಗ್ಗಿನಲ್ಲಿ ಬರುವುದು ಬರೀ 120 ವೋಲ್ಟು. ಅದರಲ್ಲಿ 1650 ವ್ಯಾಟಿನ ಎಲಿಮೆಂಟ್ ಹಾಕಿದರೆ 30 ಲೀಟರ್ ನೀರು 20ರಿಂದ 67 ಡಿಗ್ರಿಗೆ ಏರಲು ಒಂದು ಗಂಟೆ ಬೇಕು. 240 ವೋಲ್ಟಿನಲ್ಲಿ 5500 ವ್ಯಾಟಿನದು ಹಾಕಿದರೆ ಹದಿನೆಂಟೇ ನಿಮಿಷ. ಮನೆಯಲ್ಲಿ 240 ವೋಲ್ಟು, 30 ಆಂಪಿಯರ್ ಕೊಡುವ ಪ್ಲಗ್ ಎಲ್ಲಿದೆ? ಬಟ್ಟೆ ಒಣಗಿಸುವ ಡ್ರೈಯರಿನ ಹಿಂದೆ!

ಅಲ್ಲಿಗೆ ಡ್ರೈಯರ್ ಪ್ಲಗ್ಗು ಗೋಡೆಯಿಂದ ಕಿತ್ತು ಬಂತು. ಭಾವ ಬಿಯರ್ ಕಾಯಿಸುವ ಶನಿವಾರ ಆ ಮನೆಯಲ್ಲಿ ಯಾರ ಬಟ್ಟೆಯೂ ಒಣಗುವುದಿಲ್ಲ. ಅಮ್ಮ ಬಂದ ಮೂರನೇ ದಿನಕ್ಕೆ ಊರಿನಿಂದ ಉಪ್ಪಿನಕಾಯಿ ಜಾಡಿಗೆ ಕಟ್ಟಿ ತಂದಿದ್ದ ಹಗ್ಗವನ್ನೇ ಹಾಲಿನಿಂದ ಊಟದ ಮನೆಯವರೆಗೆ ಎಳೆದು ಸೀರೆ ಹರವಿಬಿಟ್ಟಳು. ಅಮೆರಿಕ ನೋಡಲು ಬಂದವಳಿಗೆ ತನ್ನ ಸೀರೆಯಾಚೆ ಏನೂ ಕಾಣದಂತಾಯಿತು.

ಅಮ್ಮನಿಗೆ ಇನ್ನೊಂದು ದಿಗಿಲೂ ಇತ್ತು. "ಮನೇಲಿ ಭಟ್ಟಿ ಇಳಿಸ್ತಾರಲ್ಲೋ, ಅಬಕಾರಿಯವರು ಬಂದ್ರೆ?" ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ, ಸಾರಾಯಿಯಂತೂ 2007ರಲ್ಲಿ ಪೂರ್ತಿ ಹೋಯಿತು. ಆದ್ದರಿಂದ ಅವಳ ಭಯ ನ್ಯಾಯವಾದದ್ದೇ, ಇದನ್ನು ಓದಿ ಯಾರೂ ಬಚ್ಚಲಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ಭಾವ ಕೈಮುಗಿದು ವಿವರಿಸಿದರು. "ಇದು ಭಟ್ಟಿ ಅಲ್ಲ ಅತ್ತೆ. ಭಟ್ಟಿ ಇಳಿಸೋದು ಇಲ್ಲೂ ಅಪರಾಧವೇ. ಇದು ಬರೀ ಹುಳಿಸೋದು, ದೋಸೆ ಹಿಟ್ಟಿನ ಹಾಗೆ." ಅಲ್ಲಿ ಪಾನನಿಷೇಧ 1933ರಲ್ಲಿ ಮುಗಿದರೂ ಮನೆಯ ಬಿಯರಿಗೆ ಕೇಂದ್ರದ ಕಾನೂನು ಒಪ್ಪಿದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ. ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿದ್ದರೆ 200. ಲೆಕ್ಕ ಹಾಕಿದರೆ ಏಳುನೂರೈವತ್ತು ಲೀಟರಿನ ಮೇಲೆ.

ಅಕ್ಕ ಒಂದು ತೊಟ್ಟೂ ಮುಟ್ಟುವುದಿಲ್ಲ. ಆದರೂ ಅವಳ ಪಾಲಿನ ನೂರು ಗ್ಯಾಲನ್ ಭಾವನ ಲೆಕ್ಕದಲ್ಲಿ ಜಮಾ ಆಗಿದೆ. "ಮದುವೆಯಿಂದ ಇವರಿಗೆ ಆದ ಲಾಭ ಅಂದ್ರೆ ಇದೊಂದೇ ಅಂತೆ" ಅಂದಳು ಅಕ್ಕ, ಸಾರಿಗೆ ಒಗ್ಗರಣೆ ಹಾಕುತ್ತಾ.

ಈಗ ಲೆಕ್ಕದ ವಿಷಯ. ಭಾವನ ಹತ್ತಿರ ಒಂದು ಎಕ್ಸೆಲ್ ಶೀಟ್ ಇದೆ. ಅದರ ಪ್ರಕಾರ ಒಂದು ಸಲಕ್ಕೆ ಐದು ಗ್ಯಾಲನ್, ಅಂದರೆ 19 ಲೀಟರು, 53 ಬಾಟಲಿ. ಮಾಲ್ಟು, ಕಹಿಗೆ ಹಾಕುವ ಹಾಪ್ಸು, ಯೀಸ್ಟು ಸೇರಿ ಮೂವತ್ತೆರಡು ಡಾಲರು, ಕರೆಂಟು ಆರು ಯೂನಿಟ್ಟು. ಬಾಟಲಿಗೆ ಅರುವತ್ತು ಸೆಂಟಿನ ಚಿಲ್ಲರೆ. ಅಂಗಡಿಯಲ್ಲಿ ಇದರ ಎರಡು ಮೂರು ಪಟ್ಟು. ಎಲ್ಲಾ ಸರಿಯಾಗಿದೆ, ಶೀಟಿನಲ್ಲಿ ಇಲ್ಲದ ಸಾಲುಗಳನ್ನು ನೋಡದಿದ್ದರೆ.

"ಡ್ರಿಲ್ ಮೆಷಿನ್ ಇದರಲ್ಲಿ ಬರಲ್ವಾ ಭಾವ?"

"ಅದು ಮನೆಗೆ ತಂದಿದ್ದು."

"ಮೊದಲನೇ ಪಾತ್ರೆ?" ಅದಕ್ಕೆ ಭಾವ ಎಲಿಮೆಂಟಿಗಾಗಿ ಕೊರೆದ ತೂತು ಎರಡು ಮಿಲಿಮೀಟರ್ ದೊಡ್ಡದಾಗಿ, ಎಷ್ಟು ವಾಷರ್ ಹಾಕಿದರೂ ಸೋರುತ್ತಿತ್ತು.

"ಅದು ನಿಮ್ಮಕ್ಕನ ಅಡಿಗೆಮನೆ ಖಾತೆ. ತುಳಸಿ ಗಿಡ ಹಾಕಿದಾಳಲ್ಲ, ನೀರು ನಿಲ್ಲಲ್ಲ, ಒಳ್ಳೇದು."

"ಕಾದ ರಸ ತಣಿಸೋ ಐವತ್ತು ಅಡಿ ತಾಮ್ರದ ಸುರುಳಿ?"

"ತಾಮ್ರ ಖರ್ಚಲ್ಲಯ್ಯ, ಹೂಡಿಕೆ. ರೇಟು ಏರ್ತಾ ಇರುತ್ತೆ."

"ಈ ದೀಪದ ಪೆಟ್ಟಿಗೆ?"

"ಅದು ಕಲಿಕೆ. ಕಲಿಕೆಗೆ ಬೆಲೆ ಕಟ್ತಾರೇನಯ್ಯ?"

ಅಕ್ಕನ ಹತ್ತಿರವೂ ಒಂದು ಲೆಕ್ಕವಿದೆ. ಎಕ್ಸೆಲ್ ಅಲ್ಲ, ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಎಲ್ಲ ರಸೀದಿಗಳೂ ಇವೆ. ಅದರ ಮೊತ್ತ 1,340 ಡಾಲರು. ಇಷ್ಟೇ ಕೆಲಸ ಮಾಡುವ ರೆಡಿಮೇಡ್ ಕರೆಂಟ್ ಪಾತ್ರೆ ನಾನೂರು ಚಿಲ್ಲರೆಗೆ ಸಿಗುತ್ತದೆ, ಪ್ಲಗ್ ಚುಚ್ಚಿದರಾಯಿತು. ಈ ಸಂಗತಿ ಭಾವನಿಗೆ ಗೊತ್ತಿಲ್ಲ ಅಂತಲ್ಲ. ಅವರ ಮುಂದೆ ಅದನ್ನು ಎತ್ತಿದರೆ, ಮನೆಯ ಮದುವೆಗೆ ಕೇಟರಿಂಗಿನವರ ಹೋಳಿಗೆ ತರಿಸೋಣ ಅಂದರೆ ಅಮ್ಮ ನೋಡುತ್ತಾಳಲ್ಲ, ಆ ನೋಟ ನೋಡುತ್ತಾರೆ.

ಒಂದು ಕಡೆ ಮಾತ್ರ ಅಕ್ಕ ಪಟ್ಟು ಹಿಡಿದು ಖರ್ಚು ಮಾಡಿಸಿದ್ದಳು, ಅಲ್ಲಿ ನಾನು ಪೂರಾ ಅವಳ ಕಡೆ. ನೀರು, ಸ್ಟೀಲು, 240 ವೋಲ್ಟು ಮೂರೂ ಒಂದೇ ಕಡೆ ಸೇರಿವೆ, ಕೆಳಗೆ ಒದ್ದೆ ಸಿಮೆಂಟು ನೆಲ. ಹಾಸ್ಟೆಲಿನಲ್ಲಿ ಅರ್ಥಿಂಗ್ ಇಲ್ಲದ ಬಕೆಟ್ ಮುಟ್ಟಿ ಜುಮ್ಮೆಂದದ್ದನ್ನು ಭಾವ ಇವತ್ತಿಗೂ ತಮಾಷೆಯಾಗಿ ಹೇಳುತ್ತಾರೆ. ಹೇಳಲು ಅವರು ಬದುಕಿದ್ದಾರೆ, ಅಷ್ಟೇ. ಐದು ಮಿಲಿ ಆಂಪಿಯರ್‌ನಷ್ಟು ಕರೆಂಟು ದಾರಿ ತಪ್ಪಿದರೂ ಥಟ್ಟನೆ ಕಡಿಯುವ ಬ್ರೇಕರ್ ಹಾಕದೆ ಪ್ಲಗ್ ಮುಟ್ಟಕೂಡದು ಅಂತ ಅಕ್ಕ ಹೇಳಿದಳು. ಭಾವ ಒಪ್ಪಿದರು, ಆದರೆ ತಮ್ಮ ದಾರಿಯಲ್ಲಿ. ಅಂಗಳದಲ್ಲಿ ಇಟ್ಟುಕೊಳ್ಳುವ ಬಿಸಿನೀರಿನ ತೊಟ್ಟಿಗೆ ಅಂತ ಮಾರುವ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಅದೇ ರಕ್ಷಣೆ ಅಗ್ಗವಾಗಿ ಸಿಗುತ್ತದೆಂದು ಪತ್ತೆ ಮಾಡಿ ಅದನ್ನೇ ತಂದರು. ಹಾಗಾಗಿ ಅಕ್ಕನ ಮನೆಯಲ್ಲಿ ಈಗ ತೊಟ್ಟಿ ಇಲ್ಲ, ತೊಟ್ಟಿಯ ಸ್ವಿಚ್ಚು ಇದೆ.

ದೀಪದ ಪೆಟ್ಟಿಗೆಯೊಳಗೆ ಇನ್ನೊಂದು ವಸ್ತುವಿದೆ, ಸಾಲಿಡ್ ಸ್ಟೇಟ್ ರಿಲೇ ಅಂತ. ಬಿಸಿ ಅಳೆಯುವ ಕಂಟ್ರೋಲರ್ ಹೇಳಿದಂತೆ ಎಲಿಮೆಂಟಿಗೆ ಕರೆಂಟು ಬಿಟ್ಟು ಹಿಡಿದು ಮಾಡುವುದು ಅದರ ಕೆಲಸ. ಅದರ ಗುಣವೇನೆಂದರೆ ಕೆಟ್ಟಾಗ ಸಾಮಾನ್ಯವಾಗಿ ಆಫ್ ಆಗಿ ಕೆಡುವುದಿಲ್ಲ, ಆನ್ ಆಗಿಯೇ ಕೆಡುತ್ತದೆ. ನಮ್ಮ ಕಡೆಯ ಕೆಲವು ಭಾಷಣಕಾರರ ಹಾಗೆ. ಅದಕ್ಕೇ ಮೇಲೊಂದು ದೊಡ್ಡ ಕೆಂಪು ಗುಂಡಿ.

ಶನಿವಾರ ಬೆಳಿಗ್ಗೆ ಆರಕ್ಕೆ ಭಾವ ಸ್ನಾನ ಮಾಡಿ ಗರಾಜಿಗೆ ಇಳಿದರು. ಐದು ಕಿಲೋ ಬಾರ್ಲಿ ಮಾಲ್ಟಿನ ತರಿಯನ್ನು ತೆಳುಬಟ್ಟೆಯ ಚೀಲಕ್ಕೆ ತುಂಬಿ ಪಾತ್ರೆಯಲ್ಲಿ ಮುಳುಗಿಸಿದರು. ಎರಡು ಮೂರು ಪಾತ್ರೆ ಬೇಡ, ಒಂದರಲ್ಲೇ ಎಲ್ಲ ಆಗಲಿ ಅಂತ ಆಸ್ಟ್ರೇಲಿಯಾದವರು ಬಳಕೆಗೆ ತಂದ ಉಪಾಯವಂತೆ. ಈ ಇಡೀ ವ್ಯವಹಾರದಲ್ಲಿ ನಿಜವಾಗಿ ಅಗ್ಗವಾದದ್ದು ಆ ಚೀಲವೊಂದೇ. ಇನ್ನು 67 ಡಿಗ್ರಿಯಲ್ಲಿ ಒಂದು ಗಂಟೆ. ಭಾವ ಮಣೆ ಹಾಕಿಕೊಂಡು ದೀಪಗಳ ಎದುರು ಕೂತರು. ಕಂಟ್ರೋಲರ್ 66.9 ತೋರಿಸಿದರೆ ಮುಖ ಬಾಡುತ್ತಿತ್ತು, 67.0 ಆದರೆ ಅರಳುತ್ತಿತ್ತು.

ಅಮ್ಮ ಕಾಫಿ ಲೋಟ ಹಿಡಿದು ಬಂದಳು. "ಅಳಿಯಂದಿರೇ, ಅರವತ್ತೇಳು ಅಂದ್ರೆ ಎಷ್ಟು ಬಿಸಿ?"

"ಬೆರಳು ಅದ್ದಿದ್ರೆ ಚುರುಕ್ ಅನ್ನೋಷ್ಟು ಅತ್ತೆ."

"ಅಷ್ಟಕ್ಕೆ ಇಷ್ಟೊಂದು ವೈರಾ?"

ಆಮೇಲೆ ಆ ರಸವನ್ನು ಒಂದು ಚಮಚ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿದಳು. "ಅಯ್ಯೋ, ಇದು ನಮ್ಮ ರಾಗಿ ಮಾಲ್ಟು! ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿಗೆ ಇದೇ ಸಿಹಿ ಇರುತ್ತೆ. ಗಂಜಿ ಗಟ್ಟಿಯೂ ಆಗಲ್ಲ." ಭಾವ ಕೂತಲ್ಲಿಂದ ಎದ್ದುಬಿಟ್ಟರು. "ಅಮೈಲೇಸ್ ಅತ್ತೆ! ಮೊಳಕೆ ಬಂದಾಗ ಹುಟ್ಟೋ ಕಿಣ್ವ, ಪಿಷ್ಟಾನ ಒಡೆದು ಸಕ್ಕರೆ ಮಾಡುತ್ತೆ!" "ಹೆಸರು ಏನಾದ್ರೂ ಇರಲಿ, ಕಾಫಿ ಆರ್ತಾ ಇದೆ ಕುಡೀರಿ" ಅಂದಳು ಅಮ್ಮ. ಅವತ್ತು ಅತ್ತೆ ಅಳಿಯ ಮೊದಲ ಬಾರಿಗೆ ಒಂದೇ ವಿಷಯ ಮಾತಾಡಿದ್ದು. ಅದು ಅಲ್ಲಿಗೇ ನಿಲ್ಲಬೇಕಿತ್ತು. ಖುಷಿಯಲ್ಲಿ ಭಾವ ಹಾಪ್ಸಿನ ಪೊಟ್ಟಣ ಮೂಸಿಸಿ, ಇದು ಇದೇ ಆರೆಗನ್‌ನ ಕೊರ್ವಾಲಿಸ್‌ನಲ್ಲಿ ತಳಿ ಮಾಡಿ 1972ರಲ್ಲಿ ಬಿಟ್ಟ ಕ್ಯಾಸ್ಕೇಡ್ ಅನ್ನೋ ಜಾತಿ, ಗಾಂಜಾ ಗಿಡಕ್ಕೆ ಸೋದರಸಂಬಂಧಿ ಅಂತ ಹೇಳಿಬಿಟ್ಟರು. ಅಮ್ಮ ಲೋಟ ತೆಗೆದುಕೊಂಡು ಒಳಗೆ ಹೋದಳು.

ಚೀಲ ಎತ್ತಿ ರಸ ಬಸಿದು ಕುದಿಯಲು ಬಿಟ್ಟಾಯಿತು. ಹಾಲು ಕಾಯಿಸಿದವರಿಗೆಲ್ಲ ಗೊತ್ತು, ಅದು ಕಣ್ಣು ತೆಗೆಯುವುದನ್ನೇ ಕಾಯುತ್ತಿರುತ್ತದೆ. ಕಂಟ್ರೋಲರಿಗೆ ಡಿಗ್ರಿ ಗೊತ್ತು, ನೊರೆ ಗೊತ್ತಿಲ್ಲ. ಭಾವ ನನಗೆ ರಿಲೇಯ ಬಗ್ಗೆ ಎರಡನೇ ಬಾರಿ ಹೇಳಲು ತಿರುಗಿದರು. ಹಿಂದೆ ಬುಸ್ಸೆಂದು ಕಂದುಬಣ್ಣದ ನೊರೆ ಎದ್ದು ಪಾತ್ರೆಯ ನಾಲ್ಕೂ ಕಡೆ ಇಳಿಯಿತು. ಭಾವ ಕೆಂಪು ಗುಂಡಿ ಎಲ್ಲಿದೆ ಅಂತ ತಾವೇ ಮರೆತು ತಡಕಾಡಿದರು. ಸದ್ದು ಕೇಳಿ ಓಡಿಬಂದ ಅಮ್ಮ ಒಂದು ಚೊಂಬಿನಿಂದ ಅಂಗೈಯಷ್ಟು ತಣ್ಣೀರು ಚಿಮುಕಿಸಿದಳು. ನೊರೆ ಕೂತಿತು.

"ಗೃಹಪ್ರವೇಶದಲ್ಲಿ ಹಾಲು ಉಕ್ಕೋ ಮುಂಚೆನೇ ಹೊಗೆ ಅಲಾರಂ ಹೊಡ್ಕೊಂಡು ಒಲೆ ಆರಿಸಿದ್ರಿ. ಇದಾದ್ರೂ ಉಕ್ಕಿತಲ್ಲ" ಅಂದಳು.

ಉಳಿದದ್ದನ್ನು ಯೀಸ್ಟು ನೋಡಿಕೊಂಡಿತು. ಎರಡು ವಾರ ಹುಳಿಯಲು, ಇನ್ನೆರಡು ವಾರ ಬಾಟಲಿಯಲ್ಲಿ ಗ್ಯಾಸ್ ತುಂಬಲು. ಹಾಲಿನ ಲ್ಯಾಕ್ಟೋಮೀಟರಿನ ಅಣ್ಣನಂಥ ಗಾಜಿನ ಕಡ್ಡಿ ತೇಲಿಬಿಟ್ಟು ನೋಡಿದಾಗ ರಸದ ಸಾಂದ್ರತೆ 1.050 ಇದ್ದದ್ದು 1.010ಕ್ಕೆ ಇಳಿದಿತ್ತು, ಆಲ್ಕೋಹಾಲ್ ನೂರಕ್ಕೆ ಐದರ ಮೇಲೆ. ಬಸಿದ ತರಿಯನ್ನು ನೋಡಿ ಅಮ್ಮ ಮಾತ್ರ ಸಂಕಟಪಟ್ಟಳು, ನಮ್ಮೂರಲ್ಲಾಗಿದ್ದರೆ ಒಂದು ಹಸು ವಾರ ಹಾಲು ಕೊಡುತ್ತಿತ್ತು ಅಂತ.

ಬಿಯರ್ ಹೇಗಿತ್ತು? ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಕಿತ್ತಳೆ ಸಿಪ್ಪೆಯ ವಾಸನೆ, ನಾಲಗೆಯ ಹಿಂದೆ ಹಿತವಾದ ಕಹಿ. ಆದರೆ ಅದನ್ನು ಕುಡಿದವರು ಕಡಿಮೆ. ಒಂದು ಭಾನುವಾರ ಕನ್ನಡದ ನಾಲ್ಕು ಮನೆಯವರನ್ನು ಕರೆದಿದ್ದರು. ಭಾವ ಎಲ್ಲರ ಕೈಗೂ ಲೋಟ ಕೊಟ್ಟು, ಮೊದಲ ಗುಟುಕಿಗೆ ಮುಂಚೆಯೇ "ಬನ್ನಿ ಪ್ಯಾನೆಲ್ ತೋರಿಸ್ತೀನಿ" ಅಂತ ಗರಾಜಿಗೆ ನಡೆಸಿದರು. ಒಂದು ಗಂಟೆಯಾದ ಮೇಲೆ ಬಿಯರ್ ಬೆಚ್ಚಗಾಗಿ, ಅತಿಥಿಗಳಿಗೆ ಓಮ್ಸ್ ನಿಯಮ ಬಾಯಿಪಾಠವಾಗಿ ಎಲ್ಲರೂ ಚಿತ್ರಾನ್ನದ ಕಡೆ ಓಡಿದರು. ಭಾವ ಅರ್ಧ ಲೋಟ ಕುಡಿದು ಮಲಗಿದರು.

ನಾವು ಮೈಸೂರಿಗೆ ಬಂದು ಎಂಟು ತಿಂಗಳಾಯಿತು. ಸ್ಟೀಲ್ ಪಾತ್ರೆಯಲ್ಲಿ ಇನ್ನು ಕಲಿಯುವುದು ಏನೂ ಉಳಿದಿಲ್ಲ ಅಂತ ಭಾವ ಮೊನ್ನೆ ಫೋನ್ ಮಾಡಿದ್ದರು. ತಾಮ್ರದ ಪಾತ್ರೆಯೇ ಬೇಕಂತೆ, ಹಿಂದಿನ ಕಾಲದವರು ಅದರಲ್ಲೇ ಮಾಡುತ್ತಿದ್ದರಂತೆ. ಅಲ್ಲಿ ಅದಕ್ಕೆ ಸಾವಿರಾರು ಡಾಲರು. "ನಿಮ್ಮ ಹಳೇ ಬಚ್ಚಲಮನೆ ಹಂಡೆ ಅಟ್ಟದ ಮೇಲೆ ಸುಮ್ನೆ ಬಿದ್ದಿದೆಯಲ್ಲಯ್ಯ. ಫ್ರೀಯಾಗಿ ಆಗೋಗುತ್ತೆ."

ಅಮ್ಮ ಹಂಡೆ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಒಳಗೆ ಕಲಾಯಿ ಬೇಕೋ ಬೇಡವೋ ಕೇಳು ಅಂದಿದ್ದಾಳೆ. ತೂಕ ಹಾಕಿ ನೋಡಿದೆ, ಹತ್ತೊಂಬತ್ತು ಕಿಲೋ ಇದೆ, ವಿಮಾನದವರ ಇಪ್ಪತ್ತಮೂರರ ಒಳಗೆ. ಹಿಲ್ಸ್‌ಬರೋ ಕಡೆಗೆ ಹೊರಟವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನಾಲ್ಕು ಕಿಲೋದಷ್ಟು ನಿಮ್ಮ ಬಟ್ಟೆಯನ್ನು ಹಂಡೆಯೊಳಗೇ ತುಂಬಿಕೊಳ್ಳಬಹುದು.