ಖಾಲಿಯೂ ಇಲ್ಲದ ಹುದ್ದೆ

ಕಲ್ಯಾಣ ಕರ್ನಾಟಕದಲ್ಲಿ ಖಾಲಿ ಹುದ್ದೆಗಳ ಲೆಕ್ಕ ಒಪ್ಪಿಸದ ರಾಜಕಾರಣಿ ಇಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿದರೂ ಭಾಷಣದಲ್ಲಿ ಆ ಲೆಕ್ಕಕ್ಕೆ ಮುಪ್ಪು ಬಂದಿಲ್ಲ. ಆದರೆ ಸರ್ಕಾರಿ ಪ್ರಾಥಮಿಕ ಶಾಲೆಯ ಆಪ್ತಸಮಾಲೋಚಕರ ಹುದ್ದೆ ಮಾತ್ರ ಒಂದೂ ಖಾಲಿ ಇಲ್ಲ. ಹುದ್ದೆಯೇ ಇಲ್ಲದ ಮೇಲೆ ಖಾಲಿ ಎಲ್ಲಿಂದ ಬಿದ್ದೀತು? ನಮ್ಮ ಬೀದರ್ ಜಿಲ್ಲೆಯ ಮನ್ನಳ್ಳಿಯಿಂದ ಔರಾದ್‌ವರೆಗೆ ಹುಡುಕಿದರೂ ಇಷ್ಟು ಸುಖದ ನೌಕರಿ ಸಿಗದು. ವರ್ಗಾವಣೆಯ ಭಯವಿಲ್ಲ, ಹಾಜರಿ ಇಲ್ಲ, ಪಿಂಚಣಿಗಾಗಿ ಧರಣಿ ಕೂಡಬೇಕಿಲ್ಲ. ಕೆಲಸ ಮಾತ್ರ ಬೆಳಗಿನ ಪ್ರಾರ್ಥನೆಯಿಂದಲೇ ಶುರು.

2009ರ ಶಿಕ್ಷಣ ಹಕ್ಕು ಕಾಯ್ದೆ ಬರೆದವರು ಜಾಣರು. 60 ಮಕ್ಕಳಿಗೆ ಇಬ್ಬರು ಶಿಕ್ಷಕರು, ಆಟದ ಮೈದಾನ, ಅಡುಗೆ ಕೋಣೆ, ಕಾಂಪೌಂಡು. ಆರರಿಂದ ಎಂಟನೆಯ ತರಗತಿಯಲ್ಲಿ ಮಕ್ಕಳು ನೂರು ದಾಟಿದರೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕರು ಎಂದೆಲ್ಲ ಅನುಸೂಚಿಯಲ್ಲಿ ಎಣಿಸಿ ಇಟ್ಟಿದ್ದಾರೆ. ಮಕ್ಕಳಿಗೆ ಹೊಡೆಯಬಾರದು, ಮಾನಸಿಕ ಕಿರುಕುಳ ಕೊಡಬಾರದು ಎಂದು 17ನೇ ಕಲಮಿನಲ್ಲಿದೆ. ಮನಸ್ಸು ನೊಂದೇಬಿಟ್ಟರೆ ಯಾರ ಹತ್ತಿರ ಹೋಗಬೇಕು ಎಂಬ ಸಾಲಿಗೆ ಬರುವಷ್ಟರಲ್ಲಿ ಮಸಿ ತೀರಿರಬೇಕು. ಅಮೆರಿಕದ ಶಾಲಾ ಸಮಾಲೋಚಕರ ಸಂಘವು 250 ಮಕ್ಕಳಿಗೆ ಒಬ್ಬರಿರಲಿ ಎಂದು ಪಟ್ಟು ಹಿಡಿದಿದೆ. ಪಾಪ, ಭಾಗಾಕಾರದ ತಾಪತ್ರಯ ಅವರದು. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲವಾದ್ದರಿಂದ ನಾವು ನಿಶ್ಚಿಂತರು.

ಹಾಗಂತ ಕೆಲಸ ನಿಂತಿದೆಯೇ? ಮೂರನೇ ತರಗತಿಯ ಹುಡುಗನೊಬ್ಬ ವಾರದಿಂದ ಬಾಯಿ ಬಿಟ್ಟಿಲ್ಲ ಅನ್ನಿ. ಗುರುಗಳು ನೋಡಿದ್ದಾರೆ, ಕೇಳಬೇಕೆಂದೂ ಇದ್ದಾರೆ. ಆದರೆ ಆಧಾರ್ ಹೆಸರು ಶಾಲೆಯ ದಾಖಲೆಗೆ ತಾಳೆಯಾಗುತ್ತಿಲ್ಲ. ಇವತ್ತು ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಎಂದು ಶಾಲೆಗಳ ಉಸ್ತುವಾರಿಯ ಸಿಆರ್‌ಪಿ ವಾಟ್ಸ್‌ಆ್ಯಪ್‌ನಲ್ಲಿ ಕಾದು ಕೂತಿದ್ದಾರೆ. 2025ರ ಸೆಪ್ಟೆಂಬರ್ 22ರಿಂದಂತೂ ಗುರುಗಳನ್ನು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮನೆಮನೆ ತಿರುಗಿಸಿದರು. ಮುಗಿಯಲಿಲ್ಲವೆಂದು ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಮನೆಗೆ 60 ಪ್ರಶ್ನೆ. ಜಾತಿ, ಉಪಜಾತಿ, ಜಮೀನು, ಸಾಲ, ಎಲ್ಲ ಕೇಳಿದ್ದಾಯಿತು. ಅಂಥ ಹುಡುಗರ ಮನೆ ಬಾಗಿಲಿಗೂ ಹೋಗಿ ಬಂದಿದ್ದಾಯಿತು. 61ನೆಯ ಪ್ರಶ್ನೆಗೆ ಆ್ಯಪ್‌ನಲ್ಲಿ ಜಾಗವಿರಲಿಲ್ಲ.

ಕೊನೆಗೆ ಕೇಳುವವಳು ಬಿಸಿಯೂಟದ ಅಕ್ಕ, ಸೌಟು ಕೈಯಲ್ಲಿ ಹಿಡಿದೇ.

"ಯಾಕಪಾ, ಅನ್ನ ಹಂಗೇ ಬಿಟ್ಟಿ?"

"ಅವ್ವ ನೆನಪಾಗ್ಲತಾಳ."

"ಎಲ್ಲಿಗಿ ಹೋಗ್ಯಾಳ?"

"ಅಪ್ಪನ ಸಂಗಟ ಹೈದ್ರಾಬಾದಿಗಿ, ಕಟ್ಟಡದ ಕೆಲ್ಸಕ್ಕ. ಉಗಾದಿಗಿ ಬರ್ತಾಳಂತ ಆಯಿ ಹೇಳ್ಯಾಳ."

"ಬರ್ತಾಳ ಬಿಡು. ಅಲ್ಲಿತನ ನಾ ಇಲ್ಲೇನು? ಉಣ್ಣು."

ರೋಗ ತಿಳಿಯಿತು, ತಕ್ಕಮಟ್ಟಿಗೆ ಮದ್ದೂ ಆಯಿತು. ಈ ಅಕ್ಕನಿಗೆ ಸರ್ಕಾರ ಕೊಡುವುದನ್ನು ಸಂಬಳ ಅನ್ನುವಂತಿಲ್ಲ, ಗೌರವಧನ ಅನ್ನಬೇಕು. ಗೌರವ ಎಷ್ಟೆಂದು ಮೊತ್ತ ನೋಡಿದರೆ ಗೊತ್ತಾಗುತ್ತದೆ. ಆದರೆ ಇದನ್ನು ಓದಿ ಹಣಕಾಸು ಇಲಾಖೆ ಹಿಗ್ಗಬಾರದು. ಅವ್ವನ ನೆನಪಿಗೆ ಎರಡು ಮಾತು ಸಾಕಾದೀತು. ಕುಡಿದು ಬಂದು ಬಡಿಯುವ ಅಪ್ಪನಿಗೆ, ಬಾಗಿಲು ಹಾಕಿಕೊಂಡು ಮೈ ಮುಟ್ಟುವ ನೆಂಟನಿಗೆ ಸೌಟು ಸಾಲದು.

ಅದಕ್ಕೆ ದೂರು ಪೆಟ್ಟಿಗೆ ಇದೆಯಲ್ಲ ಅನ್ನುತ್ತಾರೆ. ಕಾಗುಣಿತ ಬಾರದ ಕೂಸು ಬರಹದಲ್ಲೇ ದೂರು ಕೊಡಬೇಕು. ಯಾರ ಮೇಲೆ ದೂರೋ ಅವರ ಜೇಬಿನಲ್ಲೇ ಪೆಟ್ಟಿಗೆಯ ಕೀಲಿ ಇರುವುದೂ ಉಂಟು. ಮಕ್ಕಳ ಸಹಾಯವಾಣಿ 1098 ಇದೆ. 2022ರ ಅಕ್ಟೋಬರ್‌ನಿಂದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೂಡ ಇದೆ, ದಿನದ 24 ತಾಸೂ. ಫೋನು ಮಾತ್ರ ಅಪ್ಪನ ಜತೆ ಹೈದರಾಬಾದಿನಲ್ಲಿದೆ.

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಸರ್ಕಾರ ಅವರಿಂದ ಬೋರ್ಡಿನ ವಿದ್ಯೆಯನ್ನಷ್ಟೇ ಕಲಿತಂತಿದೆ. ಹೊರಗೋಡೆಯ ಮೇಲೆ ಮಕ್ಕಳ ಹಕ್ಕುಗಳು ಬಣ್ಣಬಣ್ಣದಲ್ಲಿವೆ. ಒಳಗೆ ಏನಿದೆ ಎಂದು ಇಣುಕಿದರೆ ಅಕ್ಕಿ ಮೂಟೆ.

ಸರ್ಕಾರ ನಮ್ಮ ಮಕ್ಕಳ ಎದುರು ಕೂತು ಮನಸ್ಸಿನ ಮಾತು ಕೇಳಿಯೇ ಇಲ್ಲ ಎಂದರೆ ಅಪಚಾರವಾದೀತು. ಒಮ್ಮೆ ಕೇಳಿದೆ. 2020ರ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಕುರಿತು ನಾಟಕವಾಡಿದಾಗ, ದೇಶದ್ರೋಹದ ಕೇಸು ಹಾಕಿಕೊಂಡ ಪೊಲೀಸರು ಮತ್ತೆ ಮತ್ತೆ ಶಾಲೆಗೇ ಬಂದರು. ಮಾತು ಯಾರು ಹೇಳಿಕೊಟ್ಟರು, ಯಾರು ಬರೆದರು ಎಂದು ತಾಳ್ಮೆಯಿಂದ ವಿಚಾರಿಸಿದರು. ಆತುರದಲ್ಲಿ ಸಮವಸ್ತ್ರ ಬದಲಿಸುವುದೊಂದು ಕೆಲವರಿಗೆ ಮರೆತಿತ್ತು. ಇದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು ಹೈಕೋರ್ಟು 2021ರಲ್ಲಿ ಹೇಳಿತು. 2023ರ ಜೂನ್‌ನಲ್ಲಿ ಕೇಸನ್ನೇ ರದ್ದು ಮಾಡಿತು. ಅಲ್ಲಿಗೆ ಜಿಲ್ಲೆಯಲ್ಲಿ ಮಕ್ಕಳ ಮನದಾಳ ಅರಿಯುವ ಸರ್ಕಾರಿ ಪ್ರಯತ್ನವೂ ನಿಂತಿತು.

ಮುಂದೆಂದಾದರೂ ಹುದ್ದೆ ಮಂಜೂರಾದರೆ ಜಾಹೀರಾತಿನ ಕರಡು ಹೀಗಿರಲಿ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕರಲ್ಲೂ ಅಳು ತಿಳಿಯಬೇಕು. ಸ್ವಂತ ಮೋಟರ್‌ಸೈಕಲ್ ಇರಬೇಕು, ಎಂಟು ಶಾಲೆ ಸುತ್ತಬೇಕಾದೀತು. ಜನಗಣತಿ, ಚುನಾವಣೆ ಡ್ಯೂಟಿಗೆ ತಕರಾರು ಮಾಡಕೂಡದು. ಖಾಕಿ ಸಮವಸ್ತ್ರ ಕಡ್ಡಾಯವಲ್ಲ.