ಯೀಸ್ಟ್ ಮಹಾಶಯರಿಗೆ ಅಡಿಕೆ ತೋಟದಿಂದ ಒಂದು ಬಹಿರಂಗ ಪತ್ರ

ಬೇಕರಿ ಬನ್ನು ಉಬ್ಬಿಸುವ ಯೀಸ್ಟ್ ಮಹಾಶಯರಿಗೆ, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರನ ನಮಸ್ಕಾರಗಳು.

ಮೊದಲಿಗೆ ಅಭಿನಂದನೆ. ಕೇಂಬ್ರಿಡ್ಜ್ ಬಳಿಯ ಬಾಬ್ರಹಾಂ ಸಂಸ್ಥೆಯವರು ನಿಮಗೆ ತಾಮ್ರ ಉಣಿಸಿ ನೋಡಿದ್ದನ್ನು 2017ರಲ್ಲಿ ಪ್ರಕಟಿಸಿದರು. ಸಾಯುವುದು ಬಿಟ್ಟು ನಿಮ್ಮಲ್ಲಿ ಕೆಲವರು ಸಿಯುಪಿ1 ಎಂಬ ಜೀನಿನ ಪ್ರತಿಗಳನ್ನೇ ಹೆಚ್ಚಿಸಿಕೊಂಡರಂತೆ! ಆ ಜೀನಿನ ಪ್ರೋಟೀನು ತಾಮ್ರವನ್ನು ಹಿಡಿದು ಕಟ್ಟಿಹಾಕುತ್ತದೆ. ಜೊತೆಗೆ ನಿಕೋಟಿನಮೈಡ್, ಅಂದರೆ ಬಿ3 ಜೀವಸತ್ವದ ಒಂದು ರೂಪ, ಬೆರೆಸಿದರೆ ಈ ಬದಲಾವಣೆಗೆ ಇನ್ನೂ ವೇಗ. ಲೋಹವೊಂದೇ ಅಲ್ಲ, ಅದರ ಸಹವಾಸವೂ ಮುಖ್ಯ.

ಸಹವಾಸದ ಮಾತು ಅಡಿಕೆ ಕೊನೆಗೆ ಔಷಧಿ ಹೊಡೆಯುವ ನಮ್ಮ ಕೊನೆಗಾರನಿಗೆ ಹೊಸದಲ್ಲ. 1 ಕೆಜಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, 1 ಕೆಜಿ ಸುಣ್ಣ, 100 ಲೀಟರ್ ನೀರು. ಕಲಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದುತ್ತಾನೆ. ಅಲಗಿಗೆ ಕೆಂಪು ಹತ್ತಿತೋ, ಸುಣ್ಣ ಸಾಲದು. ಹಾಗೇ ಹೊಡೆದರೆ ಹಸಿ ತಾಮ್ರ ಕಾಯಿ, ಎಲೆಯನ್ನೇ ಸುಡುತ್ತದೆ. ರಾಳ ಸೇರಿಸಿದರೆ ಆಷಾಢದ ಮಳೆಗೂ ಜಗ್ಗದು.

1885ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ಬೋರ್ಡೋದ ದ್ರಾಕ್ಷಿಗೆಂದು ಪ್ರಕಟಿಸಿದ ಔಷಧಿ ಇದು. ಕರಡ ಹುಲ್ಲಿನ ಕೊಟ್ಟೆ ಕಟ್ಟಿ ಕೊನೆ ಕಾಯುತ್ತಿದ್ದ ನಮಗೆ, ಕಳೆದ ಶತಮಾನದ ಆರಂಭದಲ್ಲಿ, ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗಕ್ಕೆ ಅದನ್ನೇ ತಂದುಕೊಟ್ಟರು. ಅವರಿಗೆ ನಾವು ಋಣಿ, ಅದರಲ್ಲಿ ವ್ಯಂಗ್ಯವಿಲ್ಲ. ಅತ್ತ ನಿಮ್ಮ ವೈನ್ ಬಂಧುಗಳಲ್ಲಿ ಸಿಯುಪಿ1 ಪ್ರತಿಗಳು ಹೆಚ್ಚಾಗಿರುವುದಕ್ಕೆ ಈ ದ್ರಾವಣವೇ ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ನೂರು ವರ್ಷದಲ್ಲಿ ನೀವು ತಾಮ್ರ ತಾಳುವುದನ್ನು ಕಲಿತಿರಿ, ನಾವು ಸುರಿಯುವುದನ್ನು.

ಆ 1 ಕೆಜಿ ಮೈಲುತುತ್ತದಲ್ಲಿ ತಾಮ್ರ ಸುಮಾರು 250 ಗ್ರಾಂ. ಅದು ಕೊಳೆಯುವುದಿಲ್ಲ, ಮೇಲ್ಮಣ್ಣಲ್ಲೇ ಕೂರುತ್ತದೆ. ಮಲೆನಾಡಿನ ಹುಳಿಮಣ್ಣಲ್ಲಿ ಮತ್ತೆ ಸಡಿಲವಾಗುತ್ತದೆ. ಯುರೋಪಿನವರು ಹೆಕ್ಟೇರಿಗೆ 7 ವರ್ಷಕ್ಕೆ 28 ಕೆಜಿ ತಾಮ್ರ ಎಂದು ಮಿತಿ ಹಾಕಿಕೊಂಡಿದ್ದಾರೆ. ನಮ್ಮಲ್ಲಿ ಮಿತಿ ಹಾಕುವವನು ಸಾಲದ ಲೆಕ್ಕ ಬರೆಯುವ ಅಂಗಡಿಯವನು. ಆ ಮಣ್ಣಲ್ಲೇ ಬದುಕುವ ಎರೆಹುಳುವಿಗೆ ತಾಮ್ರ ತಾಳುವುದನ್ನು ಕಲಿಯಲು ನಿಮ್ಮಂತೆ ಗಂಟೆಗಳಲ್ಲಿ ಪೀಳಿಗೆ ಬದಲಿಸುವ ಅನುಕೂಲವೂ ಇಲ್ಲ.

ಇನ್ನು ನಿಮ್ಮ ಹೊತ್ತು ಕೆಡಿಸುವುದಿಲ್ಲ. ಬೆಳೆಗಾರ ಬಂಧುಗಳೇ, ಮಣ್ಣು ಆರೋಗ್ಯ ಕಾರ್ಡಿನಲ್ಲಿ ತಾಮ್ರಕ್ಕೂ ಒಂದು ಸಾಲಿದೆ. ಅದರಲ್ಲಿ ಕೊರತೆ ಇಲ್ಲವೆಂದು ಓದಿ ಕಾರ್ಡನ್ನು ಮಡಚಿಡಬೇಡಿ. ಎಷ್ಟು ಹೆಚ್ಚಾಗಿದೆ ಎಂದು ಕೇಳಿ, ಆಮೇಲೆ ಮುಂದಿನ ಮಳೆಗಾಲದ ಮೈಲುತುತ್ತ ತನ್ನಿ.