ಇವತ್ತು ನಾನು ಎಷ್ಟು ಮೀಟರು, ಅಳೆದು ಹೇಳಮ್ಮ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಯಾವುದೋ ಒಂದು ಕೆರೆಯ ಮೇಲೆ ಅರ್ಜಿಯೊಂದು ಬಿದ್ದಿದೆ. ನಾಲ್ಕು ಪೆಡಲ್ ದೋಣಿ ನಿಲ್ಲುವ ಕಟ್ಟೆಯನ್ನು ನಲವತ್ತು ದೋಣಿಗೆ ಹಿಗ್ಗಿಸಬೇಕು, ದಡದ ಮೇಲಿನ ಚಾಟ್ಸ್ ಅಂಗಡಿಗೆ ಬಡ್ತಿ ಕೊಟ್ಟು ಕಂಬಗಳ ಮೇಲೆ ನೀರಿನೊಳಕ್ಕೆ ಚಾಚಿದ ರೆಸ್ಟೋರೆಂಟ್ ಮಾಡಬೇಕು ಎಂಬುದು ಕೋರಿಕೆ. ಅರ್ಜಿ ಕಲ್ಪಿತ, ಅರ್ಜಿದಾರರೂ ಕಲ್ಪಿತ. ಕಡತ ಹಾದುಹೋಗುವ ನಿಯಮಗಳು ಮಾತ್ರ ಅಪ್ಪಟ ಅಸಲಿ. ಹಾಗಾಗಿ ಎಲ್ಲಿ ನಗಬೇಕು ಎಂಬುದನ್ನು ಓದುಗರೇ ನೋಡಿಕೊಳ್ಳಬೇಕು.

ಇಂಥ ಸುದ್ದಿ ಬಂದಾಗ ಪತ್ರಿಕೆಗಳು ಸಚಿವರನ್ನು ಮಾತಾಡಿಸುತ್ತವೆ, ಅಧಿಕಾರಿಗಳನ್ನು ಮಾತಾಡಿಸುತ್ತವೆ, ಪುಟದಲ್ಲಿ ಜಾಗ ಉಳಿದರೆ ಊರಿನವರನ್ನೂ ಮಾತಾಡಿಸುತ್ತವೆ. ಯಾರ ಮೈಮೇಲೆ ಕಂಬ ನೆಡುತ್ತಾರೋ ಅವರನ್ನು ಕೇಳಿದವರಿಲ್ಲ. ಈ ಕೊರತೆ ತುಂಬಲು ವರದಿಗಾರ್ತಿಯೊಬ್ಬರು ಕೆರೆಯ ಬಫರ್ ವಲಯವನ್ನೇ, ಅಂದರೆ ದಡದ ಸುತ್ತ ಕಟ್ಟಡ ಕೂಡದೆಂದು ಬಿಟ್ಟ ಪಟ್ಟಿಯನ್ನೇ, ಹುಡುಕಿಕೊಂಡು ಹೊಸಕೋಟೆ ದೊಡ್ಡಕೆರೆಯ ಏರಿ ಹತ್ತಿದರು.

ಹುಡುಕುವುದು ಸುಲಭವಾಗಲಿಲ್ಲ. ಏರಿಯ ಮೇಲೆ ಕೇಳಿದವರಿಗೆಲ್ಲ ಕೆರೆ ಗೊತ್ತು, ಕೋಡಿ ಗೊತ್ತು, ತೂಬು ಗೊತ್ತು. ಬಫರ್ ಯಾರೆಂದು ಗೊತ್ತಿಲ್ಲ. ಕೊನೆಗೆ ಜೊಂಡು ಮತ್ತು ಜಾಲಿಯ ನಡುವೆ, ಕಟ್ಟಡದ ಅವಶೇಷ ಸುರಿದ ಗುಡ್ಡೆಯ ಪಕ್ಕದಲ್ಲಿ, ಉದ್ದಕ್ಕೆ ಮಲಗಿದ್ದ ಯಜಮಾನರೊಬ್ಬರು ಕೈ ಎತ್ತಿದರು.

“ನಾನೇ ಕಣಮ್ಮ. ಹುಷಾರಾಗಿ ನಿಂತ್ಕೋ, ನನ್ನ ಕಾಲು ಎಲ್ಲಿವರೆಗೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ.”

ಅವರ ಎತ್ತರವೆಷ್ಟು ಎಂಬುದರಿಂದಲೇ ಮಾತು ಶುರುವಾಯಿತು.

“ಯಾವ ಇಸವಿಯದು ಹೇಳಲಿ? 2014ರ ಕೆರೆ ಸಂರಕ್ಷಣಾ ಕಾಯ್ದೆಯಲ್ಲಿ ನಾನು 30 ಮೀಟರು. ಬೆಂಗಳೂರಿನಲ್ಲಿ ನಮ್ಮ ದಾಯಾದಿ ಒಬ್ಬ ಇದ್ದಾನೆ. 2016ರ ಮೇ 4ರಂದು ಹಸಿರು ನ್ಯಾಯಮಂಡಳಿ ಅವನನ್ನು 75 ಮೀಟರಿಗೆ ಬೆಳೆಸಿತು. ರಾಜಕಾಲುವೆಗಳ ಅಂಚಿನಲ್ಲಿರೋ ಅವನ ಮಕ್ಕಳಿಗೂ 50, 35, 25 ಅಂತ ಹಂಚಿಕೊಟ್ಟಿತು. ಮೂರು ವರ್ಷ ಎದೆ ಉಬ್ಬಿಸಿಕೊಂಡು ಓಡಾಡಿದ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು. ಒಂದೇ ದಿನದಲ್ಲಿ ಹಳೇ ಅಳತೆಗೆ ಬಂದುಬಿಟ್ಟ. ಹೊಲಿಸಿಕೊಂಡಿದ್ದ ಬಟ್ಟೆ ಎಲ್ಲ ದಂಡ.”

ಅರ್ಕಾವತಿ ಕಡೆಯವರಿಗಂತೂ ಇದಕ್ಕಿಂತ ದೊಡ್ಡ ವೈಭವವಿತ್ತು. ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನವನ್ನು ಕಾಪಾಡಲು ಸರ್ಕಾರ 2003ರ ನವೆಂಬರ್ 18ರಂದು ಹೊರಡಿಸಿದ ಅಧಿಸೂಚನೆಯಲ್ಲಿ ಅಳತೆ ಮೀಟರಿನಲ್ಲಿರಲಿಲ್ಲ, ಕಿಲೋಮೀಟರಿನಲ್ಲಿತ್ತು: ಜಲಾಶಯದ ಸುತ್ತ 2, ಅರ್ಕಾವತಿ ಮತ್ತು ಕುಮುದ್ವತಿಯ ದಡದಿಂದ 1. ದೊಡ್ಡಬಳ್ಳಾಪುರ, ನೆಲಮಂಗಲ ಎರಡೂ ಆ ನದಿಗಳ ದಾರಿಯಲ್ಲೇ ಇವೆ. 2019ರ ಹೊತ್ತಿಗೆ ಅದೂ ಸಡಿಲವಾಯಿತು. 1930ರ ದಶಕದಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಜಲಾಶಯ ಅಷ್ಟರಲ್ಲಾಗಲೇ, 2012ರ ಸುಮಾರಿಗೆ, ಆ ಕೆಲಸದಿಂದ ನಿವೃತ್ತಿ ಪಡೆದಿತ್ತು.

ಯಜಮಾನರು ತಮ್ಮ ವಿಷಯಕ್ಕೆ ಮರಳಿದರು. 2014ರ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಒಪ್ಪಿದ ತಿದ್ದುಪಡಿ ಮಸೂದೆಯಲ್ಲಿ ಬಫರನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಹಂಚಲಾಗಿದೆ. ಒಂದು ಎಕರೆವರೆಗಿನ ಕೆರೆಗೆ 3 ಮೀಟರು, ಹತ್ತು ಎಕರೆವರೆಗೆ 6, ಇಪ್ಪತ್ತೈದರವರೆಗೆ 12, ನೂರರವರೆಗೆ 24. ಅದಕ್ಕೂ ಮೇಲ್ಪಟ್ಟರೆ ಮಾತ್ರ ಹಳೆಯ 30.

“ಹೊಸಕೋಟೆಯಲ್ಲಿರೋದಕ್ಕೆ ಬಚಾವು,” ಎಂದರು. 1595ರ ಸುಮಾರಿಗೆ ಸುಗಟೂರಿನ ತಮ್ಮೇಗೌಡ ಇಲ್ಲಿ ಕೋಟೆ ಕಟ್ಟಿದ. ದಕ್ಷಿಣ ಪಿನಾಕಿನಿಗೆ ಅಡ್ಡಲಾಗಿರುವ ಈ ಕೆರೆಯ ಏರಿ 2 ಮೈಲಿ, ತುಂಬಿದಾಗ ನೀರಿನ ಸುತ್ತಳತೆ 10 ಮೈಲಿ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದುಕೊಂಡಿದೆ. “ಪುಣ್ಯಾತ್ಮ ದೊಡ್ಡದಾಗೇ ಕಟ್ಟಿಸಿದ. ಅವನಿಗೆ ಈ ಸ್ಲ್ಯಾಬು ಗೊತ್ತಿತ್ತೋ ಏನೋ.”

ವರದಿಗಾರ್ತಿ ಕಡತ ಬಿಚ್ಚಿದರು. ಇಷ್ಟು ದೊಡ್ಡ ದೋಣಿಕಟ್ಟೆ, ಇಷ್ಟು ದೊಡ್ಡ ಹೋಟೆಲು. ಪರಿಸರ ಅನುಮತಿಯ ಹಂತದಲ್ಲಿ ಯಾರಾದರೂ ತಡೆಯುತ್ತಾರಲ್ಲವೇ?

“ತಡೆಯೋಕೆ ಮೊದಲು ಅದು ಅವರ ಮೇಜಿಗೆ ಬರಬೇಕಲ್ಲಮ್ಮ,” ಎಂದು ಯಜಮಾನರು ಎದ್ದು ಕೂತರು. ಈ ಭಾಗ ಅವರಿಗೆ ಬಾಯಿಪಾಠವಾಗಿತ್ತು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಸಮುದ್ರ, ಅಳಿವೆ, ಹಿನ್ನೀರಿನವರಿಗೆ, ಹೊಸಕೋಟೆಗೆ ಸಮುದ್ರವಿಲ್ಲ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಕಟ್ಟಡ ಯೋಜನೆಗೆ ಮುಂಚಿತ ಅನುಮತಿ ಬೇಕಾಗುವುದು 20,000 ಚದರ ಮೀಟರಿನಿಂದ. ಅಂದರೆ ಎರಡು ಲಕ್ಷ ಚದರಡಿಗೂ ಮಿಕ್ಕಬೇಕು. ಅಷ್ಟು ದೊಡ್ಡ ಮಸಾಲೆದೋಸೆ ಹೋಟೆಲನ್ನು ನೀರಿನ ಮೇಲೆ ಯಾರೂ ಕಟ್ಟುವುದಿಲ್ಲ.

ಉಳಿಯುವುದು 2017ರ ಜೌಗು ಪ್ರದೇಶಗಳ ನಿಯಮ. ಹತ್ತು ವರ್ಷಗಳ ಸರಾಸರಿ ಗರಿಷ್ಠ ಪ್ರವಾಹ ಮಟ್ಟದಿಂದ 50 ಮೀಟರಿನೊಳಗೆ ಶಾಶ್ವತ ಕಟ್ಟಡ ಕೂಡದು ಎಂದು ಅದು ಹೇಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಬೇಸಾಯಕ್ಕೆ, ಕುಡಿಯುವ ನೀರಿಗೆ, ಮನರಂಜನೆಗೆ ಮನುಷ್ಯ ಕಟ್ಟಿದ ಜಲಕಾಯಗಳು ಆ ನಿಯಮದ ವ್ಯಾಖ್ಯೆಯಿಂದಲೇ ಹೊರಗೆ. ಬಯಲುಸೀಮೆಯ ಕೆರೆಗಳನ್ನು ಬೇಸಾಯಕ್ಕಲ್ಲದೆ ಇನ್ಯಾವುದಕ್ಕೆ ಕಟ್ಟಿದ್ದರು?

“ಅಂದರೆ ನೀವು ಜೌಗು ಅಲ್ಲ?”

“ಕಾಲಿಟ್ಟು ನೋಡು, ಮೊಣಕಾಲವರೆಗೆ ಹೂತುಹೋಗ್ತೀಯ. ಕಾನೂನಿನಲ್ಲಿ ಮಾತ್ರ ನಾನು ಒಣಭೂಮಿ.”

ಇದಕ್ಕೆ ತಕರಾರು ಇಲ್ಲದಿಲ್ಲ. ಉಪಗ್ರಹ ಚಿತ್ರಗಳಿಂದ ಗುರುತಿಸಿದ 2,01,503 ಜೌಗು ಪ್ರದೇಶಗಳನ್ನು ನಿಯಮದ ತತ್ವದಂತೆಯೇ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ ಕೂಡ ಬೇಸಾಯಕ್ಕೆಂದು ಕಟ್ಟಿದವೇ. 2024ರಲ್ಲಿ ಎರಡೂ ರಾಮ್ಸಾರ್ ತಾಣಗಳಾದವು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದವು. ಅಲ್ಲಿಗೆ ಬಂದಿಳಿದ ಹಕ್ಕಿಗಳು ಕೆರೆಯ ಕುಲಗೋತ್ರ ವಿಚಾರಿಸಿರಲಿಲ್ಲ. ಹೊಸಕೋಟೆಗೂ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬರುತ್ತವೆ, ಕ್ಯಾಮೆರಾ ಹೊತ್ತವರೂ ಬರುತ್ತಾರೆ.

ಇಷ್ಟರಲ್ಲಿ ಯಜಮಾನರು ದನಿ ತಗ್ಗಿಸಿದರು. 50 ಮೀಟರಿನ ಆ ನಿಷೇಧದಲ್ಲಿ ಒಂದು ಪುಟ್ಟ ವಿನಾಯಿತಿ ಇದೆಯಂತೆ: ದೋಣಿಕಟ್ಟೆಗಳನ್ನು ಹೊರತುಪಡಿಸಿ.

“ಅರ್ಜಿಯ ನಕ್ಷೆ ನೋಡಿದೆಯಾ? ರೆಸ್ಟೋರೆಂಟು ಅಂತ ಎಲ್ಲೂ ಬರೆದಿಲ್ಲ. ‘ದೋಣಿಕಟ್ಟೆ, ಭಾಗ ಎರಡು’ ಅಂತಿದೆ. ಭಾಗ ಎರಡರಲ್ಲಿ ಅಡುಗೆಮನೆ, ಎಪ್ಪತ್ತು ಮೇಜು, ಕೈ ತೊಳೆಯೋ ಜಾಗ. ದೋಣಿಗೆ ಹಸಿವಾದರೆ ಅಂತ ಮುಂದಾಲೋಚನೆ ಇರಬೇಕು.”

ಈ ಗೋಜಲನ್ನು ಬೇರೆ ಕಡೆಯವರು ಹೇಗೆ ಬಿಡಿಸಿಕೊಂಡಿದ್ದಾರೆ ಎಂಬುದನ್ನು ವರದಿಗಾರ್ತಿ ಓದಿಕೊಂಡು ಹೋಗಿದ್ದರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ 1965ರಿಂದ ಪ್ರತ್ಯೇಕ ಆಯೋಗವಿದೆ. ದಡದಿಂದ 100 ಅಡಿಯ ಪಟ್ಟಿ ಅದರ ಸುಪರ್ದಿಯಲ್ಲಿದೆ. ಲೆಕ್ಕ ಹಾಕಿದರೆ ಅದೂ ಸುಮಾರು 30 ಮೀಟರೇ. ನೀರಿನಲ್ಲಿ ಕಂಬ ನೆಟ್ಟರೂ ಅಲ್ಲಿ ಕೊಲ್ಲಿಯನ್ನು ತುಂಬಿದ ಲೆಕ್ಕ. ಆಯೋಗ ಮೊದಲು ನೋಡುವುದು ಆ ಕೆಲಸಕ್ಕೆ ನೀರು ಬೇಕೇಬೇಕೆ, ದಡದ ಮೇಲೆ ಮಾಡಲು ಬರುವುದಿಲ್ಲವೇ ಎಂಬುದನ್ನು.

ಯಜಮಾನರಿಗೆ ಈ ಪ್ರಶ್ನೆ ಬಹಳ ಹಿಡಿಸಿತು. “ದೋಣಿಗೆ ನೀರು ಬೇಕು, ಒಪ್ಪಿದೆ. ದೋಸೆಗೆ ಯಾಕೆ? ನಮ್ಮ ಹೊಸಕೋಟೆ ದಮ್ ಬಿರಿಯಾನಿ ತಿನ್ನೋಕೆ ಬೆಂಗಳೂರಿನಿಂದ ಜನ ನಸುಕಿನಲ್ಲೇ ಎದ್ದು ಬಂದು ಸಾಲು ನಿಲ್ತಾರೆ. ಆ ಹಂಡೆ ಯಾವತ್ತಾದ್ರೂ ನೀರಿನ ಮೇಲೆ ತೇಲಿದ್ದನ್ನ ನೋಡಿದೀಯಾ?”

ಹಾಗೆಂದು ಕೆರೆಯನ್ನು ಹೋಟೆಲಿಗೆ ಒಪ್ಪಿಸುವ ಆಸೆ ಗ್ರಾಮಾಂತರದಲ್ಲಿ ಹುಟ್ಟಿದ್ದಲ್ಲ. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಕೆರೆಗಳನ್ನು 15 ವರ್ಷಗಳ ಗುತ್ತಿಗೆಗೆ ಇಟ್ಟಿತು. ಹೆಬ್ಬಾಳ ಕೆರೆ ಈಸ್ಟ್ ಇಂಡಿಯಾ ಹೋಟೆಲ್ಸ್‌ಗೆ, ನಾಗವಾರ ಕೆರೆ ಲುಂಬಿನಿ ಗಾರ್ಡನ್ಸ್‌ಗೆ ಹೋಯಿತು. ನಾಗವಾರದಲ್ಲಿ ದೋಣಿವಿಹಾರ, ತಿಂಡಿ ಮಳಿಗೆಗಳ ಜೊತೆ ಅಲೆಯೇಳುವ ಕೊಳವೂ ಬಂತು. ಎದುರಿಗೆ ಇಡೀ ಕೆರೆ ಇದ್ದಾಗ ಪಕ್ಕದಲ್ಲಿ ಕೃತಕ ಸಮುದ್ರ ಮಾಡಿ ಟಿಕೆಟ್ ಇಟ್ಟ ಕಲ್ಪನಾಶಕ್ತಿ ಮೆಚ್ಚತಕ್ಕದ್ದು. ಸಮುದ್ರವೇ ಇದ್ದರೂ ಕರಾವಳಿ ನಿಯಮ ಅಲ್ಲಿಗೆ ಅನ್ವಯಿಸಲಿಲ್ಲ. ಈ ಗುತ್ತಿಗೆಗಳ ವಿರುದ್ಧ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಕೆರೆಗಳ ರಕ್ಷಣೆಗೆ ವರದಿ ಕೊಟ್ಟಿತು, 2012ರ ಏಪ್ರಿಲ್‌ನಲ್ಲಿ ತೀರ್ಪು ಬಂತು.

ಭೋಪಾಲಿನಲ್ಲಿ ಇನ್ನೂ ಖಡಾಖಂಡಿತ. ಭೋಜರಾಜನ ಕಾಲದ್ದೆನ್ನುವ ದೊಡ್ಡ ಕೆರೆಯಲ್ಲಿ ಕ್ರೂಸ್, ಮೋಟಾರ್ ದೋಣಿ ಓಡಿಸಬಾರದೆಂದು 2023ರ ಸೆಪ್ಟೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. ಅದು ಕುಡಿಯುವ ನೀರಿನ ಕೆರೆ, ರಾಮ್ಸಾರ್ ತಾಣ. ಡೀಸೆಲ್ ಕುಡಿಯಲು ಬರುವುದಿಲ್ಲ ಎಂಬಷ್ಟೇ ಸರಳ ವಿಷಯಕ್ಕೆ ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು.

“ಕುಡಿಯೋ ನೀರು ಅಂದ್ರೆ ಕೇಳು,” ಎಂದು ಯಜಮಾನರು ದೇವನಹಳ್ಳಿಯ ಕಡೆ ಕೈ ತೋರಿಸಿದರು. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ದಿನಕ್ಕೆ 210 ದಶಲಕ್ಷ ಲೀಟರು 65 ಕೆರೆಗಳಿಗೆ ಹರಿಸುವ ಎಚ್.ಎನ್. ವ್ಯಾಲಿ ಯೋಜನೆಯ ನೀರು ಅಲ್ಲಿನ ಸಿಹಿನೀರು ಕೆರೆಗೂ ಬಂತು. ಸುತ್ತಲಿನ ಅಂತರ್ಜಲ ಏರಿತು. ಕೆರೆಯ ಬಳಿಯ ಹಳೇ ಬಾವಿಯನ್ನು ಸ್ವಚ್ಛ ಮಾಡಿ, ಆಳವಿಲ್ಲದ ಕೊಳವೆ ಕೊರೆದು, ಮಣ್ಣಿನಲ್ಲಿ ಸೋಸಿ ಬಂದ ನೀರನ್ನು ಮತ್ತೆ ಶುದ್ಧಗೊಳಿಸಿ ಊರಿಗೆ ಕೊಡುವ ಕೆಲಸ ನಡೆಯಿತು. ಸೋಸುವುದು ಕೆರೆಯ ತಳ ಮತ್ತು ಅಂಚಿನ ಮಣ್ಣು. ಅದೇ ಅಂಚಿನಲ್ಲಿ ಕಾಂಕ್ರೀಟ್ ಸುರಿದು, ಅಡುಗೆಮನೆಯ ಜಿಡ್ಡು ಹರಿಸಿದರೆ ಬಾವಿಗೆ ಏನು ಬರುತ್ತದೆ ಎಂಬುದಕ್ಕೆ ವಿಜ್ಞಾನಿಗಳು ಬೇಕಿಲ್ಲ.

ದೊಡ್ಡಬಳ್ಳಾಪುರದ ದೊಡ್ಡತುಮಕೂರು, ಮಜರಾಹೊಸಹಳ್ಳಿಯವರನ್ನು ಕೇಳಿದರೂ ಸಾಕು. ನಗರದ ಒಳಚರಂಡಿ ನೀರು, ಕಾರ್ಖಾನೆಗಳ ತ್ಯಾಜ್ಯ ಕೆರೆಗೆ ಬಂದು ಅವರು ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ಅಲ್ಲಿ ಇನ್ನೂ ಯಾರೂ ತೇಲುವ ರೆಸ್ಟೋರೆಂಟಿಗೆ ಅರ್ಜಿ ಹಾಕಿದಂತಿಲ್ಲ. ವಾಸನೆಯೂ ಒಂದು ಬಗೆಯ ಬಫರ್ ಇರಬೇಕು.

ಹಾಗಾದರೆ ಈ ಅರ್ಜಿಗೆ ಯಾರ ಅನುಮತಿಯೂ ಬೇಡವೇ? ಬೇಕು, ಹೇರಳವಾಗಿ ಬೇಕು. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರದ್ದು, ಕೆರೆ ಪ್ರಾಧಿಕಾರದ್ದು, ಜಲಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು, ಯೋಜನಾ ಪ್ರಾಧಿಕಾರದ್ದು, ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯದ್ದು, ಊಟಕ್ಕೆ ಆಹಾರ ಸುರಕ್ಷತೆಯವರದ್ದು. ಪ್ರತಿಯೊಬ್ಬರೂ ತಮ್ಮ ತುಂಡನ್ನು ನೋಡುತ್ತಾರೆ. ಒಬ್ಬರು ಕಂಬ ಎಣಿಸುತ್ತಾರೆ, ಒಬ್ಬರು ಲೈಫ್ ಜಾಕೆಟ್, ಇನ್ನೊಬ್ಬರು ಫ್ರಿಜ್ಜಿನ ತಾಪಮಾನ. ಕಂಬದ ನೆರಳು, ರಾತ್ರಿಯ ದೀಪ, ಸ್ಪೀಕರು, ಎಪ್ಪತ್ತು ಮೇಜಿನ ಎಂಜಲು ಎಲ್ಲ ಸೇರಿ ಕೆರೆಗೆ ಏನಾಗುತ್ತದೆ ಎಂಬ ಕಾಲಂ ಯಾವ ಫಾರಮ್ಮಿನಲ್ಲೂ ಸಿಕ್ಕಲಿಲ್ಲವೆಂದು ವರದಿಗಾರ್ತಿ ಹೇಳಿದಾಗ ಯಜಮಾನರು ಆಶ್ಚರ್ಯಪಡಲಿಲ್ಲ.

ಅವರಿಗೆ ಹೇಳಬೇಕಿದ್ದದ್ದು ಬೇರೆ ಇತ್ತು. ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಲೆಕ್ಕಕ್ಕೆ ಕೂತರು.

“ಬರೆದುಕೋ. ಒಂದು ಕೆರೆ 25 ಎಕರೆ 1 ಗುಂಟೆ. ಹೊಸ ಸ್ಲ್ಯಾಬಿನಲ್ಲಿ ನಾನು 24 ಮೀಟರು. ಯಾರೋ ಪುಣ್ಯವಂತರು ಎರಡು ಗುಂಟೆ ಒತ್ತುವರಿ ಮಾಡಿ, ಸರ್ವೆಯಲ್ಲಿ ಕೆರೆ 24 ಎಕರೆ 39 ಗುಂಟೆ ಅಂತ ಕೂರಿಸಿದರು ಅನ್ನು. ನಾನು 12 ಮೀಟರಿಗೆ ಇಳಿದೆ. ಒಂದು ಬದಿಯಲ್ಲಿ ಅಲ್ಲ ಕಣಮ್ಮ, ಕೆರೆಯ ಸುತ್ತಲೂ.”

ವರದಿಗಾರ್ತಿ ಮೊಬೈಲಿನಲ್ಲಿ ಲೆಕ್ಕ ಹಾಕಿದರು. ಕೆರೆ ಪೂರ್ತಿ ದುಂಡಗಿದ್ದರೂ ಸುತ್ತಳತೆ 1,100 ಮೀಟರಿಗೆ ಕಡಿಮೆಯಿಲ್ಲ. ಅದರ ಉದ್ದಕ್ಕೂ 12 ಮೀಟರು ಬಿಡುಗಡೆಯಾದರೆ ಮೂರು ಎಕರೆಗೂ ಮಿಕ್ಕುತ್ತದೆ. ಎರಡು ಗುಂಟೆ ನುಂಗಿದವರಿಗೆ ಕಾನೂನುಬದ್ಧವಾಗಿ ಮೂರು ಎಕರೆ ಬಹುಮಾನ.

“ಇಂಥ ಬಡ್ಡಿ ಯಾವ ಬ್ಯಾಂಕು ಕೊಡುತ್ತೆ?” ಎಂದರು ಯಜಮಾನರು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಕೆರೆ ಒತ್ತುವರಿ ಪರಿಶೀಲಿಸಿದ ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸದನ ಸಮಿತಿ ಹತ್ತು ಸಾವಿರ ಎಕರೆಗೂ ಹೆಚ್ಚು ಜಾಗ ಕೈತಪ್ಪಿರುವುದನ್ನು ಪಟ್ಟಿ ಮಾಡಿತ್ತು. ಅದೆಲ್ಲ ಈ ಬಹುಮಾನ ಯೋಜನೆಗೆ ಮುಂಚಿನ ಮಾತು.

ಹೊರಡುವ ಮೊದಲು ವರದಿಗಾರ್ತಿ ಕೊನೆಯ ಪ್ರಶ್ನೆ ಕೇಳಲು ಹೊರಟರು. ಯಜಮಾನರೇ ತಡೆದು ಎದುರು ಪ್ರಶ್ನೆ ಹಾಕಿದರು.

“ಪೇಪರಿನಲ್ಲಿ ನನಗೆ ಎಷ್ಟು ಜಾಗ ಕೊಡ್ತೀರಿ?”

“ಒಂದು ಪೂರ್ತಿ ಪುಟ ಕೇಳಿದ್ದೀನಿ, ಯಜಮಾನ್ರೇ. ಆದರೆ ಅದೇ ಪುಟಕ್ಕೆ ಲೇಕ್‌ವ್ಯೂ ಲೇಔಟಿನದ್ದೊಂದು ಜಾಹೀರಾತು ಬರಬಹುದು ಅಂತಿದ್ದಾರೆ.”

“ಎಷ್ಟು ದೊಡ್ಡದು?”

“ಇನ್ನೂ ಅಳತೆ ಕೊಟ್ಟಿಲ್ಲ.”